ಒಂದು ತೋಟ, ಮೂರು ಕಾಲಂ: ವ್ಯಾಪಾರ ಒಪ್ಪಂದದ ಮಾದರಿಗಳನ್ನು ಗಡಿನಾಡಿನಿಂದ ಓದುವುದು

ಗಡಿನಾಡ ಕನ್ನಡದ ಗೋಷ್ಠಿ ಅಂದ್ರೆ ಕಾವ್ಯ, ಯಕ್ಷಗಾನ, ಕನ್ನಡ ಶಾಲೆ, ಮಹಾಜನ ವರದಿ ಇವುಗಳ ಬಗ್ಗೆ ಮಾತಾಡುವುದು ರೂಢಿ. ನಾನು ಇವತ್ತು ಎತ್ತಿಕೊಂಡಿರುವುದು ಅರ್ಥಶಾಸ್ತ್ರದ ಒಂದು ಬಗೆಯ ಬರವಣಿಗೆಯನ್ನು. ಒಂದು ಪ್ರಾದೇಶಿಕ ವ್ಯಾಪಾರ ಒಪ್ಪಂದಕ್ಕೆ ಸೇರಿದರೆ ದೇಶಕ್ಕೆ ಏನು ಲಾಭ, ಏನು ನಷ್ಟ ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ವರದಿಗಳಿವೆಯಲ್ಲ, ಅವು. ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ, ಸಮೀಕರಣ ಬಿಡಿಸುವವಳಲ್ಲ. ಆದರೆ ಆ ವರದಿಗಳೂ ಕೊನೆಗೆ ಬರವಣಿಗೆಯೇ. ಅವಕ್ಕೊಬ್ಬ ನಿರೂಪಕನಿದ್ದಾನೆ, ಪಾತ್ರಗಳಿವೆ, ಒಂದು ಕಾಲವಿದೆ, ಒಂದು ಮುಕ್ತಾಯವಿದೆ. ಪಠ್ಯ ಅಂದ ಮೇಲೆ ಓದುವ ಹಕ್ಕು ನಮಗೂ ಉಂಟು.

ಮೊದಲಿಗೆ ‘ಪ್ರಾದೇಶಿಕ’ ಎಂಬ ಶಬ್ದ. ನಮ್ಮ ವಿಮರ್ಶೆಯಲ್ಲಿ ಪ್ರಾದೇಶಿಕ ಕಾದಂಬರಿ ಅಂದ್ರೆ ಒಂದು ಊರು, ಒಂದು ಹೊಳೆಯ ಬದಿ, ಅಲ್ಲಿನ ಆಡುಮಾತು. ಕಾರಂತರನ್ನು ಪಾಠ ಮಾಡುವಾಗ ಈ ಶಬ್ದವನ್ನು ದೇಶಕ್ಕಿಂತ ಚಿಕ್ಕದು ಎಂಬ ಅರ್ಥದಲ್ಲೇ ಬಳಸುತ್ತೇವೆ. ವ್ಯಾಪಾರದ ಭಾಷೆಯಲ್ಲಿ ಅದು ದೇಶಕ್ಕಿಂತ ದೊಡ್ಡದು. ಆರ್‌ಸೆಪ್ ಎಂಬ ‘ಪ್ರಾದೇಶಿಕ’ ಒಪ್ಪಂದದ ಪ್ರದೇಶ ಜಪಾನಿನಿಂದ ನ್ಯೂಜಿಲೆಂಡಿನವರೆಗೆ ಹಬ್ಬಿದೆ. 2012ರಲ್ಲಿ ಮಾತುಕತೆ ಶುರುವಾದಾಗ ಹದಿನಾರು ದೇಶಗಳಿದ್ದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿಯಿತು. ಉಳಿದ ಹದಿನೈದು ದೇಶಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. ಒಂದೇ ಶಬ್ದ ಎರಡು ಕಡೆಗೆ ಹೀಗೆ ಎಳೆದಾಡುವಾಗ ಕಾಸರಗೋಡಿನಂಥ ಜಾಗ ಯಾವ ಪ್ರದೇಶಕ್ಕೆ ಸೇರಿದ್ದು? ಭಾಷೆಯಲ್ಲಿ ಒಂದು ಕಡೆ, ಆಡಳಿತದಲ್ಲಿ ಇನ್ನೊಂದು ಕಡೆ, ಮಾರುಕಟ್ಟೆಯಲ್ಲಿ ಬಹುಪಾಲು ಮಂಗಳೂರಿನ ಕಡೆ. ನನ್ನ ಓದು ಹೊರಡುವುದು ಈ ಪ್ರಶ್ನೆಯಿಂದ.

ಮಾದರಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹರ್ಟೆಲ್ ಅವರ ನೇತೃತ್ವದಲ್ಲಿ 1992ರಲ್ಲಿ ಆರಂಭವಾದ ಜಿಟ್ಯಾಪ್ ಎಂಬ ದತ್ತಾಂಶ ಭಂಡಾರವಿದೆ. ಜಗತ್ತಿನ ಬಹುತೇಕ ಇಂಥ ಅಧ್ಯಯನಗಳ ಅಡಿಪಾಯ ಅದೇ. ಯಾವುದೋ ಒಂದು ವರ್ಷದ ಇಡೀ ಜಗತ್ತಿನ ಉತ್ಪಾದನೆ, ಬಳಕೆ, ವ್ಯಾಪಾರ ಎಲ್ಲವೂ ಅಲ್ಲಿ ಒಂದು ಕೋಷ್ಟಕದಲ್ಲಿ ಸಮತೋಲದಲ್ಲಿರುತ್ತದೆ. ಆಮೇಲೆ ಸುಂಕವನ್ನು ಇಳಿಸಿ ಆ ಕೋಷ್ಟಕಕ್ಕೆ ಒಂದು ಪೆಟ್ಟು ಕೊಡುತ್ತಾರೆ. ಅವರ ಪರಿಭಾಷೆಯಲ್ಲೇ ಅದಕ್ಕೆ ಆಘಾತ ಅಂತ ಹೆಸರು. ಬೆಲೆಗಳು ಅಲ್ಲಾಡುತ್ತವೆ, ಸರಕುಗಳು ಸರಿದಾಡುತ್ತವೆ, ಎಲ್ಲವೂ ಮತ್ತೆ ಹೊಸದೊಂದು ಸಮತೋಲಕ್ಕೆ ಬಂದು ನಿಲ್ಲುತ್ತದೆ. ಮೊದಲಿನ ಚಿತ್ರಕ್ಕೂ ನಂತರದ ಚಿತ್ರಕ್ಕೂ ಇರುವ ವ್ಯತ್ಯಾಸವೇ ಒಪ್ಪಂದದ ‘ಪರಿಣಾಮ’. ಪೀಟರ್ ಪೆಟ್ರಿ ಮತ್ತು ಮೈಕೆಲ್ ಪ್ಲಮ್ಮರ್ ಅವರ 2020ರ ಅಧ್ಯಯನ ಆರ್‌ಸೆಪ್‌ನಿಂದ 2030ರ ಹೊತ್ತಿಗೆ ಜಗತ್ತಿನ ಆದಾಯ ವರ್ಷಕ್ಕೆ 186 ಶತಕೋಟಿ ಡಾಲರ್ ಹೆಚ್ಚೀತು ಎಂದು ಹೇಳಿದ್ದು ಈ ಬಗೆಯ ಲೆಕ್ಕದಿಂದಲೇ.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬರುತ್ತೇನೆ.

ಜಿಟ್ಯಾಪ್‌ನ ಹತ್ತನೇ ಆವೃತ್ತಿಯಲ್ಲಿ ಇಡೀ ಜಗತ್ತಿನ ಆರ್ಥಿಕತೆ 65 ವಲಯಗಳಾಗಿ ಹಂಚಿಹೋಗಿದೆ. ನಮ್ಮ ಕಡೆಯ ಒಂದು ತೋಟವನ್ನು ತೆಗೆದುಕೊಂಡು ಈ 65ರಲ್ಲಿ ಎಲ್ಲಿದೆ ಅಂತ ಹುಡುಕಿ ನೋಡಿ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಎಲ್ಲಿ ಹೋದರೂ ತೋಟದ ಸ್ವರೂಪ ಹೆಚ್ಚುಕಡಿಮೆ ಒಂದೇ. ಅಡಿಕೆ ಮರಗಳು, ಅವುಗಳ ಮೈಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಬದುವಿನುದ್ದಕ್ಕೆ ತೆಂಗು, ನೆರಳಲ್ಲಿ ಒಂದಿಷ್ಟು ಕೊಕ್ಕೊ, ನಡುನಡುವೆ ಬಾಳೆ. ಮಾದರಿಯ ಪ್ರಕಾರ ಅಡಿಕೆ ಇರುವುದು ‘ತರಕಾರಿ, ಹಣ್ಣು, ಬೀಜಗಳು’ ಎಂಬ ವಲಯದಲ್ಲಿ, ಟೊಮೆಟೊ ಮತ್ತು ಸೇಬಿನ ಜೊತೆಗೆ. ತೆಂಗು ‘ಎಣ್ಣೆಕಾಳು’ಗಳಲ್ಲಿ, ಸೋಯಾಬೀನಿನ ಪಕ್ಕ. ಕಾಳುಮೆಣಸು ‘ಇತರ ಬೆಳೆಗಳು’ ಎಂಬ ಕೊನೆಯ ಗೋಣಿಯಲ್ಲಿ. ಅಡಿಕೆ ಮರ ಒಂದು ಕಾಲಂನಲ್ಲಿ, ಅದನ್ನೇ ಅಪ್ಪಿಕೊಂಡಿರುವ ಬಳ್ಳಿ ಇನ್ನೊಂದು ಕಾಲಂನಲ್ಲಿ! ಒಂದೇ ಸ್ಪ್ರಿಂಕ್ಲರ್ ನೀರು, ಒಂದೇ ಗೊಬ್ಬರ, ಒಂದೇ ಮನೆಯ ದುಡಿಮೆ, ಲೆಕ್ಕ ಮಾತ್ರ ಮೂರು.

ಇದು ಬರೀ ವರ್ಗೀಕರಣದ ತಮಾಷೆಯಲ್ಲ. ಅಡಿಕೆಗೆ ರೇಟು ಬಿದ್ದ ವರ್ಷ ಮೆಣಸು ಮನೆಯನ್ನು ಹಿಡಿದು ನಿಲ್ಲಿಸುತ್ತದೆ. ಮೆಣಸಿಗೆ ಸೊರಗುರೋಗ ಬಂದ ವರ್ಷ ಅಡಿಕೆ ಕೈ ಹಿಡಿಯುತ್ತದೆ. ಈ ಪರಸ್ಪರ ಆಸರೆಯೇ ಸಣ್ಣ ತೋಟದ ಆರ್ಥಿಕತೆ. ಮಾದರಿ ಮೂರನ್ನೂ ಬೇರೆ ಬೇರೆ ಮನೆಯ ವ್ಯವಹಾರ ಎಂಬಂತೆ ನೋಡುವುದರಿಂದ ಮೂರೂ ಒಟ್ಟಿಗೆ ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ. ಆದರೆ ಒಪ್ಪಂದಗಳು ಮೂರರ ಮೇಲೂ ಒಟ್ಟಿಗೆ ಬರುತ್ತವೆ. 2009ರ ಆಗಸ್ಟ್ 13ರಂದು ಸಹಿಯಾದ ಆಸಿಯಾನ್ ಒಪ್ಪಂದದಲ್ಲಿ ಕಾಳುಮೆಣಸು ‘ವಿಶೇಷ ಉತ್ಪನ್ನ’. ಅದರ ಸುಂಕ 70ರಿಂದ ಶೇಕಡಾ 50ಕ್ಕೆ 2019ರ ಕೊನೆಯೊಳಗೆ ಹಂತಹಂತವಾಗಿ ಇಳಿಯಬೇಕೆಂದಿತ್ತು. ಅದೇ ಪಟ್ಟಿಯಲ್ಲಿ ಕಚ್ಚಾ ತಾಳೆ ಎಣ್ಣೆ 80ರಿಂದ 37.5ಕ್ಕೆ. ತಾಳೆ ಎಣ್ಣೆ ಅಗ್ಗವಾದರೆ ಕೊಬ್ಬರಿಗೆ ಬಿಸಿ ತಟ್ಟುತ್ತದೆ ಎಂಬುದನ್ನು ಮಾದರಿ ಹೇಳಬಲ್ಲದು. ಆದರೆ ಆ ಕೊಬ್ಬರಿ ಮತ್ತು ಆ ಮೆಣಸು ಒಂದೇ ಅಂಗಳದಲ್ಲಿ ಒಣಗುತ್ತವೆ ಎಂಬುದನ್ನು ಹೇಳಲಾರದು.

ಇನ್ನೊಂದು ಸೂಕ್ಷ್ಮವೂ ಇದೆ. ಪಾಲ್ ಆರ್ಮಿಂಗ್ಟನ್ 1969ರಲ್ಲಿ ಕೊಟ್ಟ ಒಂದು ಊಹೆಯ ಮೇಲೆ ಈ ಮಾದರಿಗಳು ನಿಂತಿವೆ. ಒಂದೇ ಸರಕು ಬೇರೆ ಬೇರೆ ದೇಶದಿಂದ ಬಂದರೆ ಅದು ಬೇರೆ ಬೇರೆ ಸರಕು ಎಂಬುದೇ ಆ ಊಹೆ. ವಿಯೆಟ್ನಾಂ ಮೆಣಸು ಒಂದು, ಮಲಬಾರ್ ಮೆಣಸು ಇನ್ನೊಂದು. ಗ್ರಾಹಕ ಒಂದನ್ನು ಬಿಟ್ಟು ಇನ್ನೊಂದಕ್ಕೆ ಎಷ್ಟು ಸುಲಭವಾಗಿ ಹೋಗುತ್ತಾನೆ ಎಂಬುದಕ್ಕೆ ಒಂದು ಅಂಕಿ ಕೊಡುತ್ತಾರೆ. ಆ ಒಂದು ಅಂಕಿ ಚಿಕ್ಕದಾದರೆ ನಮ್ಮ ನಷ್ಟವೂ ಚಿಕ್ಕದು, ದೊಡ್ಡದಾದರೆ ದೊಡ್ಡದು. ಪುಡಿ ಮಾಡಿ ಪ್ಯಾಕೆಟ್ಟಿಗೆ ತುಂಬಿದ ಮೇಲೆ ಮೆಣಸಿಗೆ ಊರೆಲ್ಲಿ? ಭಾರತ-ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಮೆಣಸೇ ಶ್ರೀಲಂಕಾದ ಹೆಸರಲ್ಲಿ ಬರುತ್ತಿದೆ ಎಂದು ಬೆಳೆಗಾರರ ಸಂಘಗಳು ವರ್ಷಗಟ್ಟಲೆ ದೂರಿದವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ್ದು ಈ ಹಿನ್ನೆಲೆಯಲ್ಲೇ. ವೇಷ ಬದಲಿಸಿ ಬರುವ ಪಾತ್ರ ಯಕ್ಷಗಾನದಲ್ಲಿ ಉಂಟು, ಪ್ರಮಾಣಿತ ಮಾದರಿಯಲ್ಲಿ ಇಲ್ಲ.

ಅದೇ ಊಹೆಯ ಇನ್ನೊಂದು ಫಲ ಸೊನ್ನೆಯ ಸಮಸ್ಯೆ. ಮೂಲ ವರ್ಷದಲ್ಲಿ ಎರಡು ದೇಶಗಳ ನಡುವೆ ಒಂದು ಸರಕಿನ ವ್ಯಾಪಾರ ಸೊನ್ನೆ ಇದ್ದರೆ ಸುಂಕ ತೆಗೆದ ಮೇಲೂ ಮಾದರಿಯಲ್ಲಿ ಅದು ಸೊನ್ನೆಯಾಗಿಯೇ ಉಳಿಯುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ ತಾನೆ? ಹೆಚ್ಚಿನ ಸುಂಕದಿಂದ ಇಷ್ಟು ದಿನ ತಡೆದಿಟ್ಟ ಸರಕು ಅಂದ್ರೆ ನಿಜವಾಗಿ ಭಯ ಇರುವ ಸರಕು. ಮಾದರಿಗೆ ಅತಿ ಕಡಿಮೆ ಕಾಣುವುದು ಅದೇ. ಅಡಿಕೆಯ ಕತೆ ಹೀಗೆ. ಕಳ್ಳದಾರಿಯಲ್ಲಿ ಬಂದ ಅಡಿಕೆ ಯಾವ ಕೋಷ್ಟಕದಲ್ಲೂ ಇಲ್ಲ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 251ರಿಂದ 351 ರೂಪಾಯಿಗೆ ಏರಿಸಬೇಕಾಯಿತು ಅನ್ನುವುದು ಆ ಸೊನ್ನೆಯ ಹಿಂದೆ ಏನಿತ್ತು ಎಂಬುದಕ್ಕೆ ಸಾಕ್ಷಿ.

ಕಾಲದ ವಿಷಯಕ್ಕೆ ಬರೋಣ. ಕಾರಂತರ ‘ಬೆಟ್ಟದ ಜೀವ’ವನ್ನು ನಾವೆಲ್ಲ ಓದಿದ್ದೇವೆ. ಗೋಪಾಲಯ್ಯ ಕಾಡಿನ ನಡುವೆ ತೋಟ ಕಟ್ಟುತ್ತಾರೆ, ಮಗ ಮನೆ ಬಿಟ್ಟು ಹೋಗಿದ್ದಾನೆ. ಆ ಕಾದಂಬರಿಯಲ್ಲಿ ತೋಟ ಅನ್ನುವುದು ಆಸ್ತಿಗಿಂತ ಹೆಚ್ಚಾಗಿ ಕಾಲ. ಸಸಿ ನೆಟ್ಟವನು ಐದಾರು ವರ್ಷ ಕಾಯಬೇಕು, ಪೂರ್ಣ ಫಸಲಿಗೆ ಇನ್ನೂ ಕಾಯಬೇಕು, ಆಮೇಲೆ ತಾನೇ ಉಣ್ಣುತ್ತೇನೋ ಮಗ ಉಣ್ಣುತ್ತಾನೋ ಗೊತ್ತಿಲ್ಲ. ಸ್ಥಿರ ಮಾದರಿಯಲ್ಲಿ ಮೊದಲಿನ ಸಮತೋಲ ಮತ್ತು ನಂತರದ ಸಮತೋಲ ಎಂಬ ಎರಡು ಚಿತ್ರಗಳಿವೆ, ನಡುವಿನ ಹಾದಿ ಇಲ್ಲ. ಕಾಲಾನುಕ್ರಮದ ಮಾದರಿಗಳೂ ಇವೆ, ಅವು ವರ್ಷ ವರ್ಷ ಹೆಜ್ಜೆ ಹಾಕುತ್ತವೆ. ಆದರೆ ಅಲ್ಲೂ ಕೂಲಿಕಾರ ಒಂದು ವಲಯದಿಂದ ಇನ್ನೊಂದಕ್ಕೆ ಸರಾಗವಾಗಿ ಹೋಗುತ್ತಾನೆ ಎಂಬುದೇ ಸಾಮಾನ್ಯ ನಂಬಿಕೆ. ಐವತ್ತರ ಪ್ರಾಯದಲ್ಲಿ ಮರ ಹತ್ತಿ ಕೊನೆ ಕೊಯ್ಯುವವರು, ಮಳೆಗಾಲದಲ್ಲಿ ಬೋರ್ಡೋ ಹೊಡೆಯುವವರು ಯಾವ ವಲಯಕ್ಕೆ ಹೋಗುತ್ತಾರೆ?

ನಮ್ಮ ಮನೆಯಲ್ಲಿ ಅಪ್ಪ ಅಡಿಕೆ ಸುಲಿದು ಗೋಣಿ ಕಟ್ಟಿ ಅಟ್ಟದಲ್ಲಿ ಇಡುತ್ತಾರೆ. ಹೊಸ ಅಡಿಕೆ ಒಂದು ವರ್ಷ ಕಳೆದರೆ ಸಿಂಗಲ್ ಚೋಲ್, ಮತ್ತೂ ಒಂದು ವರ್ಷ ಹೋದರೆ ಡಬಲ್ ಚೋಲ್, ರೇಟು ಬೇರೆ. ಬೆಳೆಗಾರನ ಬ್ಯಾಂಕು ಅಂದ್ರೆ ಅದೇ. ಮದುವೆಗೆ, ಫೀಸಿಗೆ, ಆಸ್ಪತ್ರೆಗೆ ಒಂದೊಂದು ಗೋಣಿ ಕೆಳಗಿಳಿಯುತ್ತದೆ. ಕಾಯುವುದು ಇಲ್ಲಿ ಸೋಮಾರಿತನವಲ್ಲ, ಒಂದು ಆರ್ಥಿಕ ತೀರ್ಮಾನ. ವಾರ್ಷಿಕ ಕೋಷ್ಟಕದಲ್ಲಿ ದಾಸ್ತಾನು ಎಂಬುದೊಂದು ಸಾಲಿದೆ ನಿಜ, ಆದರೆ ಹಾಗೆ ಕಾಯುವ ಮನುಷ್ಯನಿಗೆ ಅಲ್ಲಿ ಪಾತ್ರವಿಲ್ಲ.

ಪಾತ್ರಗಳ ಮಾತು ಬಂತು. ಜಿಟ್ಯಾಪ್ ಮಾದರಿಯ ಮುಖ್ಯ ಪಾತ್ರ ‘ಪ್ರಾದೇಶಿಕ ಕುಟುಂಬ’. ಒಂದು ದೇಶಕ್ಕೆ ಒಂದೇ ಕುಟುಂಬ. ಭಾರತ ಅಲ್ಲಿ ಒಂದೇ ಪ್ರದೇಶವಾದ್ದರಿಂದ ನೂರನಲವತ್ತು ಕೋಟಿ ಜನ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಇದಕ್ಕಿಂತ ದೊಡ್ಡ ಅವಿಭಕ್ತ ಕುಟುಂಬದ ಕತೆಯನ್ನು ಕನ್ನಡದಲ್ಲಿ ಯಾರೂ ಬರೆದಿಲ್ಲ! ನಮ್ಮ ಕಾದಂಬರಿಗಳಲ್ಲಿ ಇಂಥ ಮನೆ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ, ಒಳಕೋಣೆಯಲ್ಲಿ ಯಾರಿದ್ದಾರೆ, ಜಗಲಿಯಲ್ಲಿ ಯಾರಿದ್ದಾರೆ, ಪಾಲು ಯಾರಿಗೆ ಎಷ್ಟು ಅಂತ. ಮಾದರಿ ಈ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ದಾಟುತ್ತದೆ. ಕ್ಯಾಲ್ಡರ್ ಮತ್ತು ಹಿಕ್ಸ್ 1939ರಲ್ಲಿ ಕೊಟ್ಟ ತರ್ಕದಂತೆ, ಗೆದ್ದವರು ಸೋತವರಿಗೆ ಪರಿಹಾರ ಕೊಟ್ಟ ಮೇಲೂ ಲಾಭದಲ್ಲಿ ಉಳಿಯಬಹುದಾದರೆ ಸಾಕು, ಒಟ್ಟು ಒಳ್ಳೆಯದೇ ಆಯಿತು. ನಿಜವಾಗಿ ಕೊಡಬೇಕೆಂದಿಲ್ಲ.

ಆ ‘ಬಹುದು’ ನನ್ನನ್ನು ವ್ಯಾಕರಣಕ್ಕೆ ಕರೆದೊಯ್ಯಿತು. ನಮ್ಮ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂಬ ಕ್ರಿಯಾರೂಪವಿದೆ. ಏರೀತು, ಬಿದ್ದೀತು, ಬಂದೀತು. ನಡೆಯುತ್ತದೆ ಎಂದಲ್ಲ, ಇಂಥಿಂಥ ಷರತ್ತಿದ್ದರೆ ನಡೆಯಬಹುದು ಎಂದು. ಮಾದರಿಯ ಪ್ರತಿಯೊಂದು ವಾಕ್ಯವೂ ಈ ರೂಪದಲ್ಲೇ ಇರಬೇಕಾದದ್ದು, ಮೂಲ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಹಾಗೇ ಇದೆ ಕೂಡ. ಆದರೆ ಅದು ಪತ್ರಿಕೆಯ ಕನ್ನಡಕ್ಕೆ ಬರುವಾಗ ‘ಹೆಚ್ಚೀತು’ ಹೋಗಿ ‘ಹೆಚ್ಚಲಿದೆ’ ಆಗುತ್ತದೆ. ಊಹೆ ಭವಿಷ್ಯತ್ತಾಗುತ್ತದೆ. ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆಂದೇ ಇರುವ ಒಂದು ರೂಪವನ್ನು ನಾವೇ ಬಳಸದೆ ಬಿಟ್ಟಿದ್ದೇವೆ. ಮಾದರಿಗಳ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ನಿಜವಾಗಿ ಈ ಅನುವಾದದ ಮೇಲಿನದು.

ಬ್ರಿಟನ್ನಿನ ಉದಾಹರಣೆ ನೋಡಿ. ಪೆಸಿಫಿಕ್ ದೇಶಗಳ ಸಿಪಿಟಿಪಿಪಿ ಒಪ್ಪಂದಕ್ಕೆ ಸೇರುವ ಮುನ್ನ ಅಲ್ಲಿನ ಸರಕಾರವೇ 2021ರಲ್ಲಿ ಲೆಕ್ಕ ಪ್ರಕಟಿಸಿತು. ದೀರ್ಘಾವಧಿಯಲ್ಲಿ ರಾಷ್ಟ್ರೀಯ ಉತ್ಪನ್ನಕ್ಕೆ ಸುಮಾರು ಶೇಕಡಾ 0.08 ಸೇರೀತು ಅಂತ. ಅಂಕಿ ಎಷ್ಟು ಚಿಕ್ಕದೆಂದರೆ 2023ರಲ್ಲಿ ವ್ಯಾಪಾರ ಸಚಿವೆ ಕೆಮಿ ಬೇಡನಾಕ್ ಅವರೇ ಅದು ಹಳೆಯ ದತ್ತಾಂಶದ್ದು ಎಂದು ಪಕ್ಕಕ್ಕೆ ಸರಿಸಿದರು. ನನಗೆ ಮುಖ್ಯ ಅನಿಸಿದ್ದು ಅಂಕಿಯಲ್ಲ, ಅದನ್ನು ಹಿಡಿದು ಸಾರ್ವಜನಿಕವಾಗಿ ಜಗಳವಾಡಲು ಸಾಧ್ಯವಾಯಿತು ಎಂಬುದು. ನಮ್ಮಲ್ಲಿ ಒಪ್ಪಂದಕ್ಕೆ ಸಂಸತ್ತಿನ ಅನುಮೋದನೆ ಬೇಕೆಂಬ ನಿಯಮವೂ ಇಲ್ಲ. ಸಂವಿಧಾನದ ಏಳನೇ ಪರಿಚ್ಛೇದದಲ್ಲಿ ಒಂದು ವಿಚಿತ್ರ ಜೋಡಿ ಇದೆ. ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಗಳೊಂದಿಗಿನ ಒಪ್ಪಂದ, ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಎರಡೂ 14. ಮೊದಲಿನ 14 ಸಹಿ ಹಾಕುತ್ತದೆ, ಎರಡನೆಯ 14 ಅನುಭವಿಸುತ್ತದೆ. ಗಡಿನಾಡಿನವರ ಸ್ಥಿತಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ನಾನು ಗಮನಿಸಿದ ಮಟ್ಟಿಗೆ, ತಿರುವನಂತಪುರದ ಕಡೆಯ ಚರ್ಚೆಯಲ್ಲಿ ರಬ್ಬರ್ ಮತ್ತು ಮೀನು ಮುಂದೆ, ಆರ್‌ಸೆಪ್ ವೇಳೆ ಬೆಂಗಳೂರಿನ ಕಡೆಯ ಚರ್ಚೆಯಲ್ಲಿ ಹಾಲು ಮುಂದೆ. ಕೇರಳದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ಜಿಲ್ಲೆ ಎರಡರ ನಡುವಿನ ಓಣಿಯಲ್ಲಿ.

ಇನ್ನೊಂದು ಬಗೆಯ ಮಾದರಿಯ ಬಗ್ಗೆ ಹೇಳದೆ ಹೋದರೆ ಈ ಗೋಷ್ಠಿಗೆ ಅನ್ಯಾಯವಾದೀತು. ಟಿನ್‌ಬರ್ಗನ್ 1962ರಲ್ಲಿ ಬಳಕೆಗೆ ತಂದ ಗುರುತ್ವ ಸಮೀಕರಣ. ಎರಡು ದೇಶಗಳ ಗಾತ್ರ ದೊಡ್ಡದಾದಷ್ಟೂ ವ್ಯಾಪಾರ ಹೆಚ್ಚು, ದೂರ ಹೆಚ್ಚಾದಷ್ಟೂ ಕಡಿಮೆ. ಈಗ ಅದಕ್ಕೆ ‘ಸಮಾನ ಭಾಷೆ’, ‘ಸಮಾನ ಗಡಿ’ ಎಂಬ ಎರಡು ಅಂಶಗಳನ್ನೂ ಸೇರಿಸುವುದು ವಾಡಿಕೆ. ಇದ್ದರೆ 1, ಇಲ್ಲದಿದ್ದರೆ 0. ಭಾಷೆ ಮತ್ತು ಗಡಿ! ನಮ್ಮ ಇಡೀ ಬದುಕು ಆ ಎರಡು ಕಾಲಂಗಳಲ್ಲಿದೆ. ಭಾಷೆ ವ್ಯಾಪಾರವನ್ನು ಎಳೆಯುತ್ತದೆ ಎಂದು ಅರ್ಥಶಾಸ್ತ್ರ ಒಪ್ಪಿಕೊಂಡದ್ದನ್ನು ನೋಡಿ ನನಗೆ ಖುಷಿಯೇ ಆಯಿತು. ಮನೆಯಲ್ಲಿ ಹವ್ಯಕ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ, ಅಡಿಕೆ ಚೀಟಿಯಲ್ಲಿ ಕನ್ನಡ ಆಡುವವನಿಗೆ 1 ಹಾಕುತ್ತೀರೋ 0 ಹಾಕುತ್ತೀರೋ? ಗಡಿಯ ಕಾಲಂ ಇನ್ನೂ ಕಷ್ಟ. ಇದು ರಾಜ್ಯದ ಗಡಿ, ದೇಶದ್ದಲ್ಲ, ಆದ್ದರಿಂದ ಮಾದರಿಗೆ ಅದು ಇಲ್ಲವೇ ಇಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆ ನಂಬಿಕೊಂಡವರು ತಲಪಾಡಿಯಲ್ಲೇ ನಿಲ್ಲಬೇಕಾದಾಗ, ಆ ಸೊನ್ನೆ ಎಷ್ಟು ಎತ್ತರ ಇದೆ ಅಂತ ನಮಗೆ ಕಂಡಿತು. ಇದಕ್ಕೆ ವಿರುದ್ಧದ ಸಾಕ್ಷಿಯೂ ಇದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದ ಮೇಲೆ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಕರ್ನಾಟಕ ಮತ್ತು ಕೇರಳ ಎರಡರ ಬೆಳೆಗಾರರ ಸಹಕಾರಿ. ವಾರಣಾಸಿ ಸುಬ್ರಾಯ ಭಟ್ಟರು ಕಟ್ಟಿದ ಆ ಸಂಸ್ಥೆಯನ್ನು ನಾನು ಒಂದು ಪ್ರಾದೇಶಿಕ ವ್ಯಾಪಾರ ಒಪ್ಪಂದ ಎಂದೇ ಓದುತ್ತೇನೆ, ಪ್ರಾದೇಶಿಕ ಎಂಬ ಶಬ್ದದ ನಮ್ಮ ಅರ್ಥದಲ್ಲಿ.

ವಿಮರ್ಶೆ ಒಂದೇ ಕಡೆಗೆ ಆಗಬಾರದು. ಆಸಿಯಾನ್ ಒಪ್ಪಂದದ ವಿರುದ್ಧ 2009ರ ಅಕ್ಟೋಬರ್ 2ರಂದು ಕಾಸರಗೋಡಿನಿಂದ ತಿರುವನಂತಪುರದವರೆಗೆ ಎಡರಂಗದ ಮಾನವ ಸರಪಳಿ ನಡೆಯಿತು. ಆ ಕಾಲದ ಭಾಷಣಗಳೂ ಒಂದು ಮಾದರಿಯೇ, ಊಹೆಗಳನ್ನು ಬಾಯಿಬಿಟ್ಟು ಹೇಳದ ಮಾದರಿ. ಸಹಿ ಆಯಿತು, ರೈತ ಸತ್ತ ಎಂಬುದು ಅದರ ಕಥಾಸೂತ್ರ. ಆದರೆ 2010ರ ಬಳಿಕ ನಾಲ್ಕೈದು ವರ್ಷ ಮೆಣಸಿನ ಬೆಲೆ ಏರುತ್ತಲೇ ಹೋಗಿ ಕಿಲೋಗೆ 700 ರೂಪಾಯಿಯ ಹತ್ತಿರ ಹೋಯಿತು, 2018ರ ಹೊತ್ತಿಗೆ ಹತ್ತಿರಹತ್ತಿರ ಅರ್ಧಕ್ಕೆ ಬಿತ್ತು. ಏರಿದ್ದಕ್ಕೂ ಬಿದ್ದದ್ದಕ್ಕೂ ಒಪ್ಪಂದವೊಂದೇ ಕಾರಣವಲ್ಲ, ವಿಯೆಟ್ನಾಂನ ಫಸಲೂ ಉಂಟು. ಆ ಏರಿದ ವರ್ಷಗಳಲ್ಲಿ ಸಾಲ ಮಾಡಿ ಬಳ್ಳಿ ನೆಟ್ಟವರಿಗೆ ಫಸಲು ಬರುವಾಗ ರೇಟು ಇರಲಿಲ್ಲ. ನನ್ನ ಪ್ರಕಾರ ನಿಜವಾದ ಕತೆ ಅದು, ಅದನ್ನು ಅಂಕಿಯವರೂ ಹೇಳಲಿಲ್ಲ, ಘೋಷಣೆಯವರೂ ಹೇಳಲಿಲ್ಲ. ಮಾದರಿ ಕಟ್ಟುವವರಲ್ಲಿ ಒಂದು ಪ್ರಾಮಾಣಿಕತೆ ಇದೆ, ತಮ್ಮ ಊಹೆಗಳನ್ನು ಅನುಬಂಧದಲ್ಲಾದರೂ ಬರೆದಿಡುತ್ತಾರೆ. ನಾನು ಇಷ್ಟೆಲ್ಲ ತಕರಾರು ಎತ್ತಲು ಸಾಧ್ಯವಾದದ್ದೇ ಅದರಿಂದ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಹಾಗಾದರೆ ಒಪ್ಪಂದವೇ ಬೇಡ ಅಂತೀರಾ? ಅಲ್ಲ. ಆ ತೀರ್ಮಾನ ಕೊಡುವಷ್ಟು ನನಗೆ ಗೊತ್ತಿಲ್ಲ, ಕೊಬ್ಬರಿ ಎಣ್ಣೆ ಕೊಳ್ಳಲಾರದೆ ತಾಳೆ ಎಣ್ಣೆಯಲ್ಲಿ ಅಡುಗೆ ಮಾಡುವ ಮನೆಗಳೂ ನಮ್ಮೂರಲ್ಲೇ ಇವೆ, ಅವರಿಗೆ ಅಗ್ಗದ ಎಣ್ಣೆ ಲಾಭವೇ. ನಾನು ಕೇಳುವುದು ಇಷ್ಟು. ಜಿಟ್ಯಾಪ್‌ನ ಒಂದು ವಲಯವನ್ನು ಒಡೆದು ಬೇರೆ ಮಾಡಲು ಸ್ಪ್ಲಿಟ್‌ಕಾಮ್ ಎಂಬ ಉಪಕರಣ ಈಗಾಗಲೇ ಇದೆ. ಟೊಮೆಟೊ ಸೇಬಿನ ಗುಂಪಿನಿಂದ ಅಡಿಕೆಯನ್ನು, ‘ಇತರ’ದಿಂದ ಮೆಣಸನ್ನು ಹೊರತೆಗೆಯುವುದು ಕಷ್ಟ, ಅಸಾಧ್ಯವಲ್ಲ. ಅಡಿಕೆ-ತೆಂಗಿನ ಬಗ್ಗೆ ದಶಕಗಳ ಅಂಕಿಅಂಶ ಕಾಸರಗೋಡಿನ ಸಿಪಿಸಿಆರ್‌ಐಯಲ್ಲೇ ಇದೆ. ಮುಂದಿನ ಒಪ್ಪಂದಕ್ಕೆ ಯಾರಾದರೂ ಲೆಕ್ಕ ಹಾಕುವಾಗ ಮೂರು ಕಾಲಂಗಳನ್ನು ಒಂದು ತೋಟಕ್ಕೆ ಮರಳಿ ಜೋಡಿಸಿ ಹಾಕಲಿ, ಅದರ ಸಾರಾಂಶ ಇಲ್ಲಿನವರು ಓದುವ ಭಾಷೆಯಲ್ಲಿ, ಸಂಭಾವನಾರ್ಥಕದಲ್ಲಿ, ಬರಲಿ.

ನಾವು ಕನ್ನಡದವರು ಮಾಡಬಹುದಾದ ಕೆಲಸವೂ ಇದೆ. ಅರ್ಥಶಾಸ್ತ್ರ ವಿಭಾಗದ ಇಬ್ಬರು ಗೆಳೆಯರ ಜೊತೆ ಕೂತು ಒಂದು ಶಬ್ದಪಟ್ಟಿ ಮಾಡುತ್ತಿದ್ದೇನೆ. ಕೆಲವು ಸುಲಭವಾಗಿ ಸಿಕ್ಕಿವೆ. ಒಂದು ಮಾತ್ರ ಹಿಡಿತಕ್ಕೆ ಬರುತ್ತಿಲ್ಲ. ಮಾದರಿಯಲ್ಲಿ ಯಾವುದು ತಾನಾಗಿ ಬದಲಾಗುತ್ತದೆ, ಯಾವುದನ್ನು ಲೇಖಕ ಮೊದಲೇ ಕಟ್ಟಿಹಾಕುತ್ತಾನೆ ಎಂಬ ತೀರ್ಮಾನಕ್ಕೆ ಅವರು ‘ಕ್ಲೋಷರ್’ ಅನ್ನುತ್ತಾರೆ. ನಿರುದ್ಯೋಗ ಹೆಚ್ಚದು ಎಂದು ಮೊದಲೇ ಕಟ್ಟಿಹಾಕಿದರೆ ಕೊನೆಯಲ್ಲಿ ನಿರುದ್ಯೋಗ ಹೆಚ್ಚುವುದಿಲ್ಲ. ಕಥನಶಾಸ್ತ್ರದಲ್ಲಿ ಇದೇ ಇಂಗ್ಲಿಷ್ ಶಬ್ದವನ್ನು ನಾವು ‘ಮುಕ್ತಾಯ’ ಅನ್ನುತ್ತೇವೆ, ಆದರೆ ಇಲ್ಲಿ ಅದು ಕತೆ ಶುರುವಾಗುವ ಮೊದಲೇ ಆಗಿಹೋಗುತ್ತದೆ. ಹೊಲ ತೋಟಗಳ ಮಾತಿನಲ್ಲಿ ಇದಕ್ಕೆ ಹೊಂದುವ ಶಬ್ದ ಯಾರಿಗಾದರೂ ಹೊಳೆದರೆ ದಯವಿಟ್ಟು ಚಾಟ್‌ನಲ್ಲಿ ಹಾಕಿ.